ಕೆಂಪು ದಾರದ ಸೀಸೆ

ಮಧ್ಯಾಹ್ನ ಊಟವಾಗಿ ಕಣ್ಣು ಎಳೆಯುವ ಹೊತ್ತಿಗೆ ಈಗಲೂ ನನ್ನ ಅರೆನಿದ್ದೆಯಲ್ಲಿ ಒಂದು ಕರು ಕತ್ತು ಕೊಡವುತ್ತದೆ. ಅದು ನಿಜವಾಗಿ ಕೊಡವಿದ್ದು ಒಂದೇ ಸಲ, ರಾಮಥಾಳದ ಕಡೆಯ ಒಂದು ಹಳ್ಳಿಯ ಬೇವಿನ ಗಿಡದ ಕೆಳಗೆ. ನಾನು ನಿವೃತ್ತನಾಗಿ ಕುರ್ಚಿಗೆ ಬಂದು ಕೂತ ಮೇಲೆ ವಾರಕ್ಕೆ ಎರಡು ಮೂರು ಸಲ ಕೊಡವುತ್ತದೆ. ನಾನು ಸೂಜಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ಒಮ್ಮೊಮ್ಮೆ ಸಮಯಕ್ಕೆ ಸರಿಯಾಗಿಯೇ ಎಳೆದುಕೊಂಡಿರುತ್ತೇನೆ. ಆಗ ಎಚ್ಚರವಾಗಿಬಿಡುತ್ತದೆ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ನಡುವೆ ನಾನು ಪಶುವೈದ್ಯನಾಗಿ ಓಡಾಡಿದ್ದು ಎಪ್ಪತ್ತು ಮತ್ತು ಎಂಬತ್ತರ ದಶಕಗಳಲ್ಲಿ. ಈಗ ಈ ಕೆಲಸಕ್ಕೆ ಬರುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ಸೇವಾ ಪುಸ್ತಕದಲ್ಲಿದೆ, ಅದು ಅಲ್ಲಿಯೇ ಇರಲಿ. ಅದರಲ್ಲಿ ಇಲ್ಲದ್ದು ಮಾತ್ರ ಇಲ್ಲಿದೆ.

ಮೊದಲ ವರ್ಷವೇ ಕಲಾದಗಿಯಿಂದ ಕರೆ ಬಂತು. ಒಂದು ಆಕಳು ಏಳು ತಿಂಗಳಿಗೆ ಕಂದು ಹಾಕಿತ್ತು, ಮಾಸು ಬಿದ್ದಿರಲಿಲ್ಲ. ನಾನು ಅಂಗಿ ಕಳಚಿ, ತೋಳಿಗೆಲ್ಲ ಸಾಬೂನು ಹಚ್ಚಿಕೊಂಡು ಬರಿಗೈಯಿಂದ ಅದನ್ನು ಬಿಡಿಸಿ ತೆಗೆದೆ. ರಬ್ಬರಿನ ಕೈಗವಸು ಕಚೇರಿಯ ಕಪಾಟಿನಲ್ಲಿತ್ತು. ಅದನ್ನು ಹಾಕಿಕೊಂಡರೆ ಕೈ ಕುರುಡಾಗುತ್ತದೆ ಎಂದು ನಮ್ಮ ದೊಡ್ಡ ಸಾಹೇಬರು, ಅಂದರೆ ನನ್ನ ಮೇಲಧಿಕಾರಿ, ಹೇಳುತ್ತಿದ್ದರು. ಆ ಮನೆಯವರು ನನ್ನ ಕೈ ತೊಳೆಯಲು ಬಿಸಿನೀರು ಕೊಟ್ಟರು, ತಿನ್ನಲು ದಾಳಿಂಬೆ ಸುಲಿದು ಕೊಟ್ಟರು. ಅದೇ ಕೈಯಿಂದ ತಿಂದೆ.

ಮೂರು ವಾರದ ಮೇಲೆ ಜ್ವರ ಹಿಡಿಯಿತು. ಅದು ವಿಚಿತ್ರ ಜ್ವರ. ಬೆಳಿಗ್ಗೆ ಇರುತ್ತಿರಲಿಲ್ಲ. ನೆರಳು ಉದ್ದವಾಗುವ ಹೊತ್ತಿಗೆ ಮೆಲ್ಲಗೆ ಬಂದು ಪಕ್ಕದಲ್ಲಿ ಕೂಡುತ್ತಿತ್ತು. ಬಾಗಲಕೋಟೆಯ ನನ್ನ ಬಾಡಿಗೆ ಕೋಣೆಯ ಗೋಡೆ ದೂರ ಸರಿಯುತ್ತಿತ್ತು, ಘಟಪ್ರಭೆ ನನ್ನ ಮಂಚದ ಕೆಳಗೆ ಹರಿಯುತ್ತಿತ್ತು, ನಾನು ಅದರಲ್ಲಿ ಮುಳುಗದೆ ತೇಲುತ್ತಿದ್ದೆ. ಬೆವರು ಬಂದಾಗ ಇಡೀ ಹಾಸಿಗೆಗೆ ಮುಗ್ಗಿದ ಹುಲ್ಲಿನ ವಾಸನೆ. ಮಲೇರಿಯಾ ಎಂದು ಒಬ್ಬರು, ಟೈಫಾಯಿಡ್ ಎಂದು ಇನ್ನೊಬ್ಬರು ಔಷಧ ಕೊಟ್ಟರು. ಮೂರು ತಿಂಗಳಾದ ಮೇಲೆ ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು, ಆಕಳಿಗೆ ಇದ್ದದ್ದೇ ನನಗೂ ಇತ್ತು. ಬ್ರುಸೆಲ್ಲಾ. ನಮ್ಮ ಜನ ಅದನ್ನು ಕಂದು ಹಾಕುವ ರೋಗ ಎನ್ನುತ್ತಾರೆ.

ಈ ರೋಗಾಣುವಿನ ಸ್ವಭಾವವನ್ನು ನೀವು ಪುಸ್ತಕದಲ್ಲಿ ಓದಿರುತ್ತೀರಿ. ಇದು ರಕ್ತದಲ್ಲಿ ತೇಲಾಡಿಕೊಂಡು ಸಿಕ್ಕಿಬೀಳುವ ಜಾತಿಯದಲ್ಲ. ನಮ್ಮನ್ನು ಕಾಯಬೇಕಾದ ಜೀವಕೋಶಗಳ ಒಳಗೇ ಹೋಗಿ ಮನೆ ಮಾಡುತ್ತದೆ. ಕಾವಲುಗಾರನ ಹೊಟ್ಟೆಯಲ್ಲೇ ಕಳ್ಳ ಕೂತರೆ ಯಾರು ಹಿಡಿಯಬೇಕು? ಹಾಗಾಗಿ ಸತ್ತ ರೋಗಾಣುಗಳ ಲಸಿಕೆ ಇದಕ್ಕೆ ಅಷ್ಟಾಗಿ ನಡೆಯುವುದಿಲ್ಲ. ಕಾಯಿಸಿ ಕೊಂದರೆ ಅದರ ಮುಖವೇ ಸುಟ್ಟು ಹೋಗಿರುತ್ತದೆ, ದೇಹಕ್ಕೆ ಗುರುತು ಉಳಿಯುವುದಿಲ್ಲ. ಆದ್ದರಿಂದ ನಾವು ಕೊಡುತ್ತಿದ್ದದ್ದು ಶಕ್ತಿ ಕುಂದಿಸಿದ, ಆದರೆ ಜೀವಂತವಾದ ಲಸಿಕೆ. ಹೆಣ್ಣುಗರುಗಳಿಗೆ ಅದು ಒಳ್ಳೆಯದೇ. ಕೊಡುವವನ ಕೈಗೆ ಚುಚ್ಚಿಕೊಂಡರೆ ಅವನಿಗೆ ಅದೇ ಇಳಿಹೊತ್ತಿನ ಜ್ವರ.

ಜೀವಂತ ಲಸಿಕೆಗೆ ಇನ್ನೊಂದು ಕಷ್ಟವಿತ್ತು, ಬರ್ಫದ ತಂಪು ತಪ್ಪಿದರೆ ಅದು ದಾರಿಯಲ್ಲೇ ಸಾಯುತ್ತಿತ್ತು. ಒಮ್ಮೆ ಬಾದಾಮಿಯ ಕಡೆ ಹೊರಟಿದ್ದೆವು, ದೊಡ್ಡ ಸಾಹೇಬರೂ ಜೊತೆಗಿದ್ದರು. ಕುಳಗೇರಿ ಕ್ರಾಸಿನಲ್ಲಿ ಜೀಪು ನಿಂತಿತು. ಬಿಸಿಲು ಎಷ್ಟಿತ್ತೆಂದರೆ ರಸ್ತೆಯ ಮೇಲೆ ಇಲ್ಲದ ನೀರು ಹೊಳೆಯುತ್ತಿತ್ತು. ಸಾಹೇಬರು ಲಿಂಬೆ ಶರಬತ್ತು ತರಿಸಿ, ಲಸಿಕೆಯ ಡಬ್ಬಿ ತೆರೆದು ಅದರೊಳಗಿನ ಬರ್ಫವನ್ನು ಗ್ಲಾಸಿಗೆ ಹಾಕಿಕೊಂಡರು.

"ಸಾಹೇಬ್ರ, ಅದು ಲಸಿಕಿ ಬರ್ಫ್ ರಿ" ಎಂದೆ.

"ಸೀಸೆಕ್ಕ ನೀರಡಸೂದಿಲ್ಲೋ ಡಾಕ್ಟರ್. ನನಗ ನೀರಡಸೇತಿ."

ಆ ದಿನ ಒಂದು ಊರಿಗೆ ಊರೇ ಬೆಚ್ಚಗಾದ ಲಸಿಕೆ ಹಾಕಿ ಬಂದೆವು. ಎರಡು ವರ್ಷದ ಮೇಲೆ ಆ ಕರುಗಳು ಆಕಳಾಗಿ ಗಬ್ಬವಾದಾಗ ಒಂದರ ಹಿಂದೆ ಒಂದು ಕಂದು ಹಾಕಿದವು. ನನ್ನ ಮುಖ ನೋಡಿ ಆ ಊರವರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಎಂಬತ್ತರ ದಶಕದ ಮೊದಮೊದಲಿಗೆ ಮೈಸೂರು ಕಡೆಯ ಒಬ್ಬ ಸಂಶೋಧಕರು ಬಂದರು. ಸಣ್ಣ ಆಳು, ಸಣ್ಣ ಧ್ವನಿ. ಮಾತಾಡುವಾಗ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಅವರು ತಂದಿದ್ದ ಸೀಸೆಗಳಲ್ಲಿ ಕೋಬಾಲ್ಟಿನ ಕಿರಣ ಹಾಯಿಸಿದ ಬ್ರುಸೆಲ್ಲಾ ಇತ್ತು. ಒಣಗಿಸಿದ, ಹಾಲಿನ ಕೆನೆಯಂಥ ಬಿಲ್ಲೆ. ಅದನ್ನು ಶುದ್ಧ ನೀರಿನಲ್ಲಿ ಕರಗಿಸಿ ಚುಚ್ಚಬೇಕು.

"ಇವು ಸತ್ತಿಲ್ಲ, ಪೂರ್ತಿ ಬದುಕಿಯೂ ಇಲ್ಲ" ಎಂದರು. "ಕಿರಣ ಒಳಗಿನ ಎಳೆಯನ್ನಷ್ಟೇ ಕತ್ತರಿಸುತ್ತೆ. ಮುಖ ಹಾಗೇ ಇರುತ್ತೆ. ಕೆಲವು ದಿನ ಉಸಿರಾಡ್ತವೆ. ಜೀವಕೋಶದ ಒಳಗೂ ಹೋಗ್ತವೆ. ಆದರೆ ಒಂದು ಎರಡಾಗೋದಿಲ್ಲ. ದೇಹ ಅದರ ಗುರುತು ಹಿಡಿದುಕೊಳ್ಳುತ್ತೆ, ಅದು ಸಂತಾನವಿಲ್ಲದೆ ಮುಗಿದುಹೋಗುತ್ತೆ."

ನನ್ನ ಕಾಂಪೌಂಡರ್ ರಾಜೇಸಾಬ ಇಳಕಲ್ಲಿನವನು. ಅವನ ಮನೆತನದವರು ನೂಲಿಗೆ ಬಣ್ಣ ಹಾಕುವವರು, ಇವನೊಬ್ಬನೇ ನೌಕರಿಗೆ ಬಂದಿದ್ದ. ಅವನು ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದವನು, "ಅಂದ್ರ ಹಾಸಿನ ಎಳಿ ಹರದ ಮಗ್ಗ ಅನ್ರಿ" ಎಂದ. "ಮಗ್ಗ ನಿಂತಿರತದ, ನೇಕಾರ ಕುಂತಿರತಾನ, ಲಾಳಿ ಒಗೀತಾನ. ಹೊರಗ ನಿಂತು ನೋಡಿದಾಂವಗ ಎಲ್ಲಾ ಖರೆ ಅನಸತದ. ಸೀರಿ ಮಾತ್ರ ಇಳಿಯೂದಿಲ್ಲ."

ಸಂಶೋಧಕರು ಕನ್ನಡಕ ಹಾಕಿಕೊಂಡು ಅವನನ್ನು ನೋಡಿದರು. "ಇದನ್ನ ನಾನು ಬರ್ಕೊಳ್ಳಬಹುದೇನ್ರಿ?" ಎಂದರು.

ಕಲಾದಗಿಯ ಜ್ವರ ಉಂಡವನಿಗೆ ಆ ಸೀಸೆ ಕಂಡರೆ ಹೇಗಾಗಬೇಡ! ನಾನು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಲಕ್ಷಾಂತರ ಜೀವಗಳು ಅದರಲ್ಲಿ ಕನಸು ಕಾಣುತ್ತಾ ಮಲಗಿವೆ, ಎದ್ದರೂ ಯಾರಿಗೂ ಕೇಡು ಮಾಡಲಾರವು ಎನಿಸುತ್ತಿತ್ತು. ನಾನು ಹಳ್ಳಿಹಳ್ಳಿಗೆ ಹೋಗಿ ಅದರ ಗುಣ ಹೇಳಿದೆ. ಸಂಶೋಧಕರಿಗಿಂತ ಹೆಚ್ಚಾಗಿ ಹೇಳಿದೆ.

ಪ್ರಯೋಗದ ಕ್ರಮ ಸರಳವಾಗಿತ್ತು. ಕೆಲವು ಊರಿನ ಕರುಗಳಿಗೆ ಕಿರಣದ ಲಸಿಕೆ, ಕೆಲವು ಊರಿನವಕ್ಕೆ ಹಳೆಯ ಜೀವಂತ ಲಸಿಕೆ. ಆಮೇಲೆ ಎರಡನ್ನೂ ಹೋಲಿಸಿ ನೋಡುವುದು. ನಮ್ಮ ಹತ್ತಿರ ಬರ್ಫದ ಡಬ್ಬಿ ಇದ್ದದ್ದು ಒಂದೇ. ಎರಡೂ ಬಗೆಯ ಸೀಸೆ ಒಂದೇ ಡಬ್ಬಿಯಲ್ಲಿ ಹೋಗಬೇಕಾಗಿತ್ತು. ಬರ್ಫ ಕರಗಿದ ನೀರಿನಲ್ಲಿ ನೆನೆದು ಸೀಸೆಗೆ ಅಂಟಿಸಿದ ಚೀಟಿಗಳು ಮೊದಲ ದಿನವೇ ಕಳಚಿ ಮೀನಿನ ಹಾಗೆ ತೇಲಾಡಿದವು.

"ಚಿಂತಿ ಮಾಡಬ್ಯಾಡ್ರಿ" ಎಂದ ರಾಜೇಸಾಬ. "ಕಿರಣದ್ದಕ್ಕ ಕೆಂಪ ದಾರ, ಜೀವಂತದ್ದಕ್ಕ ಬಿಳಿ ದಾರ. ಕುತ್ತಿಗಿಗೆ ಕಟ್ಟಿದ್ರ ಯಾವ ನೀರಿಗೂ ಬಿಚ್ಚೂದಿಲ್ಲ."

ಆ ಸಂಜೆ ಅವನು ಇಳಕಲ್ಲಿಗೆ ಹೋಗಿ, ಕಾಕಾನ ಅಂಗಳದಲ್ಲಿ ಗಳಕ್ಕೆ ನೇತು ಹಾಕಿದ್ದ ಕೆಂಪು ನೂಲಿನ ಲಡಿಯಿಂದ ಒಂದು ಮೊಳ ಹರಿದುಕೊಂಡು ಬಂದ. ಚೀಟಿ ಇನ್ನೂ ಇದ್ದ ಹೊಸ ಸೀಸೆಗಳನ್ನು ತೆಗೆದು, ಕಿರಣದವಕ್ಕೆ ಕೆಂಪು, ಜೀವಂತದವಕ್ಕೆ ಬಿಳಿ ದಾರ ಸುತ್ತಿ, ಪ್ರತಿಯೊಂದಕ್ಕೂ ಎರಡು ಗಂಟು ಹಾಕಿ ಡಬ್ಬಿಯಲ್ಲಿಟ್ಟ. ನೋಡಲು ಚೆಂದವಿತ್ತು. ಮರುದಿನ ಬೆಳಿಗ್ಗೆ ರಾಮಥಾಳದ ಕಡೆಯ ಹಳ್ಳಿಗೆ ಹೋದೆವು. ಅಲ್ಲಿ ಕಿರಣದ್ದು, ಮಧ್ಯಾಹ್ನ ಇನ್ನೊಂದು ಊರಿನಲ್ಲಿ ಜೀವಂತದ್ದು. ಬೇವಿನ ಗಿಡದ ಕೆಳಗೆ ಹೆಣ್ಣುಗರುಗಳು ಸಾಲಾಗಿ ನಿಂತಿದ್ದವು. ರಾಜೇಸಾಬ ಡಬ್ಬಿಯ ಮುಚ್ಚಳ ತೆರೆದ.

ಒಳಗಿನ ನೀರು ಕುಂಕುಮ ಕದಡಿದ ಹಾಗಿತ್ತು.

"ಸಾಹೇಬ್ರ, ಎಲ್ಲಾವೂ ಮದುಮಕ್ಕಳಾಗ್ಯಾವ" ಎಂದು ನಕ್ಕ. ಅರ್ಧಕ್ಕೇ ಆ ನಗು ನಿಂತಿತು. ಚೀಟಿಗಳು ಮತ್ತೆ ಕಳಚಿದ್ದವು, ಒಂದೂ ಬಿಳಿ ದಾರ ಉಳಿದಿರಲಿಲ್ಲ. ಅವನು ತಂದದ್ದು ಆಗಷ್ಟೇ ಬಣ್ಣದಿಂದ ಎತ್ತಿದ ನೂಲು. ಅದನ್ನು ಇನ್ನೂ ತೊಳೆದಿರಲಿಲ್ಲ. ಬಣ್ಣಗಾರರ ಮಗನಿಗೆ ಅದು ಗೊತ್ತಾಗದೆ ಇರುತ್ತದೆಯೇ? ಆದರೆ ಆ ಹೊತ್ತಿಗೆ ಅವನು ಬಣ್ಣಗಾರನಾಗಿರಲಿಲ್ಲ, ಕಾಂಪೌಂಡರ್ ಆಗಿದ್ದ.

"ಇವತ್ತ ಬ್ಯಾಡ್ರಿ" ಎಂದ ಮೆಲ್ಲಗೆ. "ಹೊಸಾ ಸೀಸೆ ತಗೊಂಡು ನಾಳೆ ಬರೂಣು."

ನಾನು ಸಾಲು ನೋಡಿದೆ. ಹೊಲದ ಕೆಲಸ ಬಿಟ್ಟು ಬಂದ ಜನ. ಅವರನ್ನು ಸೇರಿಸಲು ಮೂರು ಸಲ ಬಂದಿದ್ದೆ. ಸೀಸೆಗಳನ್ನು ಟವೆಲ್ಲಿನ ಮೇಲೆ ಸಾಲಾಗಿ ಇಟ್ಟೆ. "ಕಡುಗೆಂಪು ಕಿರಣದ್ದು, ತಿಳಿಗೆಂಪು ಜೀವಂತದ್ದು. ಕಣ್ಣಿಗೆ ಕಾಣಸ್ತದಲ್ಲ ರಾಜೇಸಾಬ" ಎಂದೆ. ತಪ್ಪು ದಾರದ್ದಲ್ಲ, ಈ ಮಾತಿನದು. ಇದನ್ನು ಓದುವವರು ಅಷ್ಟನ್ನು ನೆನಪಿಟ್ಟುಕೊಂಡರೆ ಸಾಕು.

ನಾಲ್ಕನೆಯ ಕರು ನೀಲವ್ವನದು. ಅವಳ ತವರಿನವರು ಕೊಟ್ಟದ್ದು, ಹಣೆಯ ಮೇಲೆ ಬಿಳಿ ಚುಕ್ಕೆ. ಅವಳು ಕತ್ತಿನಡಿ ಜೋಲುವ ಗಂಗೆದೊಗಲು ಕೆರೆದರೆ ಮಾತ್ರ ನಿಲ್ಲುತ್ತಿತ್ತು, ಬೇರೆಯವರು ಮುಟ್ಟಿದರೆ ಕುಣಿಯುತ್ತಿತ್ತು. ಗಂಡ ಇಳಕಲ್ಲಿನ ಕಲ್ಲಿನ ಗಣಿಯಲ್ಲಿ ಕೆಲಸಕ್ಕಿದ್ದ. ಅತ್ತೆ ಪಕ್ಕದಲ್ಲೇ ನಿಂತಿದ್ದಳು.

"ಡಾಕ್ಟರ್ರ, ನಮ್ಮ ಸೊಸಿ ಹೊಟ್ಟಿಲೆ ಅದಾಳ. ಐದರಾಗ ಬಿದ್ದೈತಿ. ಈಕಿ ಹಿಡದ್ರ ನಡೀತೈತೇನ್ರಿ?"

ಹಳೆಯ ಲಸಿಕೆಯ ಕಾಲದಲ್ಲಿ ಬಸುರಿ ಹೆಣ್ಣುಮಕ್ಕಳನ್ನು ನಾನು ಗಿಡದ ನೆರಳಿಗೂ ಬಿಡುತ್ತಿರಲಿಲ್ಲ. ಆ ದಿನ ಹೇಳಿದೆ: "ಇದು ಹಳೇ ಔಷಧ ಅಲ್ಲ ಆಯಿ. ಮನುಷ್ಯಾಗ ಹಾಕಿದ್ರೂ ಏನೂ ಆಗೂದಿಲ್ಲ."

ನೀಲವ್ವ ಎಡಗೈಯಲ್ಲಿ ಹಗ್ಗ ಹಿಡಿದು ಬಲಗೈಯಿಂದ ಗಂಗೆದೊಗಲು ಕೆರೆಯುತ್ತಾ ನಿಂತಳು. ನಾನು ಕತ್ತಿನ ಚರ್ಮ ಎತ್ತಿ ಸೂಜಿ ತೂರಿಸಿದೆ. ಬೇವಿನ ಎಲೆಗಳ ನಡುವಿಂದ ಬಿಸಿಲಿನ ಬಿಲ್ಲೆಗಳು ಕರುವಿನ ಮೈಮೇಲೆ ಓಡಾಡುತ್ತಿದ್ದವು. ಎಲ್ಲಿಯೋ ಹೋಲಗೆ ಹಕ್ಕಿ ಕೂಗಿತು. ಕರು ಕತ್ತು ಕೊಡವಿತು. ಸೂಜಿ ಚರ್ಮದ ಮಡಿಕೆಯ ಆಚೆ ಬಂದು ಅವಳ ಅಂಗೈಯ ಬುಡಕ್ಕೆ ಇಳಿಯಿತು. ನನ್ನ ಹೆಬ್ಬೆರಳು ಒತ್ತುತ್ತಲೇ ಇತ್ತು. ಎಲ್ಲ ನೀರಿನೊಳಗೆ ನಡೆದ ಹಾಗೆ, ಸದ್ದಿಲ್ಲದೆ, ನಿಧಾನವಾಗಿ ನಡೆಯಿತು.

ಅಂಗೈಯಲ್ಲಿ ಒಂದು ಹನಿ ರಕ್ತ, ಅದರ ಕೆಳಗೆ ಕಡಲೆಯಷ್ಟು ಉಬ್ಬು. ನೀಲವ್ವ ನಕ್ಕುಬಿಟ್ಟಳು.

"ಕರುವಿನ ಔಷಧ ನನಗ ಹಾಕಿದ್ರಿ. ಇನ್ನ ನಾನೂ ಹಾಲ ಹಿಂಡಬೇಕೇನ್ರಿ?"

"ಹಿಂಡತಿ ಬಿಡ, ಇನ್ನ ನಾಕ ತಿಂಗಳಿಗೆ" ಎಂದಳು ಅತ್ತೆ. ಸುತ್ತ ನಿಂತವರೆಲ್ಲ ನಕ್ಕರು. ನಾನು ಸಾಬೂನಿನಿಂದ ಅವಳ ಕೈ ತೊಳೆದೆ, ಸ್ಪಿರಿಟ್ ಹಚ್ಚಿದೆ. "ಏನೂ ಆಗೂದಿಲ್ಲ" ಎಂದು ಇನ್ನೊಮ್ಮೆ ಹೇಳಿದೆ. ರಾಜೇಸಾಬ ನಗಲಿಲ್ಲ. ಆ ಸೀಸೆಯನ್ನು ಎತ್ತಿ, ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ಬಿಸಿಲಿಗೆ ಹಿಡಿದು ನೋಡಿದೆ. ದಾರ ಕೆಂಪಗಿತ್ತು. ಕಡುಗೆಂಪೋ ತಿಳಿಗೆಂಪೋ ನನಗೆ ತಿಳಿಯಲಿಲ್ಲ.

ಬಾಗಲಕೋಟೆಯ ಹೆರಿಗೆ ಡಾಕ್ಟರ್ ಒಬ್ಬರ ಮುಂದೆ ಅದೇ ದಿನ ಹೋಗಿ ಕೂತೆ. ಹಿರಿಯರು, ಕಡಿಮೆ ಮಾತಿನವರು.

"ಯಾವ ಸೀಸೆ ಅದು?"

"ಗೊತ್ತಿಲ್ಲ ಮೇಡಂ."

ಅವರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. "ಜೀವಂತದ್ದಿದ್ರ ಔಷಧ ಕೊಡಲೇಬೇಕು. ಸೂಜಿ ಔಷಧ ಕೂಸಿನ ಕಿವಿ ಕೆಡಸತದ. ಕ್ಯಾಪ್ಸೂಲು ಎಲುಬು ಕೆಡಸತದ. ಉಳಿಯೂದು ಕ್ಷಯಕ್ಕ ಕೊಡೂ ಕೆಂಪ ಗುಳಿಗಿ, ಅದರ ಜೋಡಿ ಇನ್ನೊಂದು. ಅವೂ ಬಸುರಿಗೆ ಸುಮ್ಮನ ಕೊಡೂವಲ್ಲ. ಕೊಡದಿದ್ರ ಕೂಸು ಉಳೀತದ ಅನ್ನೂಹಂಗಿಲ್ಲ. ಸೀಸೆದಾಗ ಏನೈತಿ ನೋಡಿ ಬಂದು ಹೇಳ್ರಿ."

ಅದನ್ನು ನೋಡುವ ದಾರಿ ಒಂದೇ ಇತ್ತು. ರೋಗಾಣು ಬೆಳೆಯುವ ಅಗರಿನ ತಟ್ಟೆಯ ಮೇಲೆ ಸೀಸೆಯ ಹನಿ ಬಳಿದು ಶಾಖದ ಪೆಟ್ಟಿಗೆಯಲ್ಲಿ ಇಡುವುದು. ಜೀವಂತದ್ದಾದರೆ ಮೂರು ನಾಲ್ಕು ದಿನದಲ್ಲಿ ಮೊಳೆಯುತ್ತದೆ. ಕಿರಣದ್ದಾದರೆ ಏನೂ ಬರುವುದಿಲ್ಲ. ನಮ್ಮ ಕಚೇರಿಯ ಪುಟ್ಟ ಪ್ರಯೋಗಾಲಯದಲ್ಲಿ ಎರಡು ತಟ್ಟೆ ಇಟ್ಟೆ. ಒಂದರಲ್ಲಿ ನೀಲವ್ವನಿಗೆ ಚುಚ್ಚಿದ ಸೀಸೆಯದು. ಇನ್ನೊಂದರಲ್ಲಿ ಪ್ರಯೋಗಾಲಯದ ಒಣ ಕಪಾಟಿನಲ್ಲೇ ಉಳಿದಿದ್ದ, ಚೀಟಿ ಅಂಟಿಕೊಂಡೇ ಇದ್ದ ಕಿರಣದ ಸೀಸೆಯದು.

ಆ ದಿನಗಳಲ್ಲಿ ನಾನು ಬಾಗಲಕೋಟೆಯ ಬೀದಿಗಳಲ್ಲಿ ನಡೆದಾಡಿದ್ದು ನೆನಪಿದೆ, ಎಲ್ಲಿಗೆ ಹೋದೆನೆಂದು ನೆನಪಿಲ್ಲ. ಮಾತಾಡಿಸಿದವರ ಬಾಯಿ ಮಾತ್ರ ಆಡುತ್ತಿತ್ತು. ತಳ್ಳುಗಾಡಿಯ ಕಲ್ಲಂಗಡಿ, ಅಂಗಡಿಯ ಮುಂದಿನ ಪರದೆ, ಹೆಣ್ಣುಮಕ್ಕಳ ಸೆರಗು, ಕೆಂಪಗಿದ್ದದ್ದೆಲ್ಲ ನನಗೆ ಎರಡು ಬಣ್ಣವಾಗಿ ಕಾಣುತ್ತಿತ್ತು. ಇದು ಕಡುಗೆಂಪೋ, ತಿಳಿಗೆಂಪೋ ಎಂದು ನಿಂತು ನೋಡುತ್ತಿದ್ದೆ. ಕರೆಂಟು ಹೋದರೂ ಪೆಟ್ಟಿಗೆ ತಣ್ಣಗಾಗುತ್ತಿರಲಿಲ್ಲ, ಊರಿನ ಬಿಸಿಲೇ ಅದಕ್ಕೆ ಶಾಖ ಕೊಡುತ್ತಿತ್ತು. ಬೆಳೆಯದಿರಲಿ ಎಂದು ಬೇಡಿಕೊಂಡು ತಟ್ಟೆಗೆ ಶಾಖ ಕೊಟ್ಟವನು ನಾನೊಬ್ಬನೇ ಇರಬೇಕು.

ಎರಡನೆಯ ದಿನ ದೊಡ್ಡ ಸಾಹೇಬರು ಬಂದರು. ರಾಜೇಸಾಬ ಹೇಳಿರಲಿಲ್ಲ. ಊರಿನ ಸುದ್ದಿ ಹೇಗೋ ಮುಟ್ಟಿತ್ತು.

"ಏನೋ ಡಾಕ್ಟರ್, ಕರುವಿಗೆ ಹಾಕ್ರಿ ಅಂದ್ರ ಮಂದಿಗೆ ಹಾಕಾಕತ್ತೀಯಂತ?"

"ತಪ್ಪಾಗೈತ್ರಿ ಸಾಹೇಬ್ರ."

"ತಪ್ಪ ಆತಂತ ಯಾರ ಅಂದ್ರು? ಆಕಿ ಅಂದಾಳೇನು? ನಗಾಡಿ ಮನಿಗೆ ಹೋಗ್ಯಾಳ. ಆ ತಟ್ಟಿ ಕುದಸಿ ಒಗದುಬಿಡು. ಇಲ್ಲದ್ದು ಕಣ್ಣಿಗೆ ಕಂಡ್ರ ನಿನ್ನ ನೌಕರಿನೂ ಹೋಗತದ, ನನಗೂ ಕಾಗದ ಬರತದ. ಸುಮ್ಮನಿದ್ರ ದೇವರು ನೋಡಕೋತಾನ."

ಅವರು ಕೆಟ್ಟವರಲ್ಲ. ನನ್ನ ಜ್ವರದ ದಿನಗಳಲ್ಲಿ ಅವರ ಮನೆಯಿಂದಲೇ ಗಂಜಿ ಬರುತ್ತಿತ್ತು. ಅವರು ಹೋದ ಮೇಲೆ ಪೆಟ್ಟಿಗೆಯ ಮುಂದೆ ನಿಂತೆ. ಬಾಗಿಲಿನ ಹಿಡಿಕೆಯ ಮೇಲೆ ಕೈಯಿಟ್ಟೆ. ತಟ್ಟೆ ಕುದಿಸಲು ಹತ್ತು ನಿಮಿಷ ಸಾಕಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಕೈ ತೆಗೆದಾಗ ಹಿಡಿಕೆಯ ಮೇಲೆ ಬೆವರಿತ್ತು.

ಮೂರನೆಯ ದಿನ ಬೆಳಿಗ್ಗೆ ತಟ್ಟೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಖಾಲಿಯಾಗಿತ್ತು, ತೊಳೆದಿಟ್ಟ ಕನ್ನಡಿಯ ಹಾಗೆ, ನನ್ನ ಮುಖವೇ ಅದರಲ್ಲಿ ಕಾಣುತ್ತಿತ್ತು. ಇನ್ನೊಂದರಲ್ಲಿ ಗುಂಡಗೆ, ಸಣ್ಣಗೆ, ಜೇನಿನ ಬಣ್ಣದ ಇಬ್ಬನಿ ಮೂಡಿತ್ತು. ಎಷ್ಟು ಚೆಂದವಿತ್ತೆಂದರೆ ಒಂದು ಕ್ಷಣ ಅದೇನೆಂಬುದನ್ನೇ ಮರೆತೆ. ರಾಜೇಸಾಬ ನನ್ನ ಹಿಂದೆ ನಿಂತು ಉಸಿರು ಬಿಟ್ಟ. ಇಬ್ಬನಿ ಇದ್ದದ್ದು ನೀಲವ್ವನ ತಟ್ಟೆಯಲ್ಲಿ.

ಅಂದೇ ಹುನಗುಂದದ ಬಸ್ಸು ಹಿಡಿದು, ಉಳಿದ ದಾರಿ ನಡೆದು ಅವಳ ಮನೆಗೆ ಹೋದೆ. ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲಲ್ಲೇ ಕೂತು ಇದ್ದದ್ದು ಇದ್ದ ಹಾಗೆ ಹೇಳಿದೆ: ದಾರದ ಬಣ್ಣ ಬಿಟ್ಟದ್ದು, ನಾನು ಕಣ್ಣಂದಾಜಿನಲ್ಲಿ ಆರಿಸಿದ್ದು, ತಟ್ಟೆಯಲ್ಲಿ ಮೊಳೆತದ್ದು.

"ಏನೂ ಆಗೂದಿಲ್ಲ ಅಂದಿದ್ರಿ" ಎಂದಳು ಅತ್ತೆ. "ಎರಡ ಸಲ ಅಂದಿದ್ರಿ. ನಿಮ್ಮ ಬಾಯಾಗ ಹುಳ ಬೀಳಲಿ."

ನೀಲವ್ವ ಹಿಟ್ಟಿನ ಕೈ ಒರೆಸಿಕೊಳ್ಳಲಿಲ್ಲ. "ಕರುವಿಗೆ?" ಎಂದು ಕೇಳಿದಳು.

"ಕರುವಿಗೆ ಏನೂ ಆಗೂದಿಲ್ಲ. ಅದಕ್ಕ ಅದು ಒಳ್ಳೇದ."

"ನನಗ?"

"ನಿನಗ ಗುಳಿಗಿ ಕೊಡತಾರ ತಂಗಿ. ತಪ್ಪದ ತಗೋಬೇಕು."

ಅವಳು ಹಿಟ್ಟಿನ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. "ಇದಕ್ಕ?"

ಮೂರನೆಯ ಸಲ ಸುಳ್ಳು ಹೇಳಲು ನನಗೆ ಆಗಲಿಲ್ಲ. "ಗೊತ್ತಿಲ್ಲ" ಎಂದೆ. ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಯಾರೂ ಅದನ್ನು ತೆಗೆಯಲಿಲ್ಲ.

ಬಾಗಲಕೋಟೆಗೆ ಕರೆದುಕೊಂಡು ಹೋಗಿ ಗುಳಿಗೆ ಶುರು ಮಾಡಿಸಿದೆವು. ಎಂಟು ದಿನಕ್ಕೆ ಒಂದು ಇಳಿಹೊತ್ತು ಅವಳಿಗೆ ಜ್ವರ ಬಂದೇ ಬಂತು. ಮರುದಿನ ನಾನು ಅವಳ ಮನೆಯೊಳಗೆ ಕಾಲಿಡುತ್ತಲೇ ಮೂಗಿಗೆ ಮುಗ್ಗಿದ ಹುಲ್ಲಿನ ವಾಸನೆ ಬಡಿಯಿತು. ಆದರೆ ಜ್ವರ ನಾಲ್ಕು ದಿನಕ್ಕೆ ಇಳಿಯಿತು. ಆರು ವಾರ ಪ್ರತಿ ಸೋಮವಾರ ಗುಳಿಗೆ ಹಿಡಿದುಕೊಂಡು ಹೋದೆ. ಗುಳಿಗೆ ನುಂಗಿದವರ ಮೂತ್ರ ಕೆಂಪಾಗುತ್ತದೆ ಎಂದು ಹೇಳುವುದನ್ನು ಮರೆತಿದ್ದೆ. ಅತ್ತೆ ಊರ ಬಾಗಿಲಿಗೇ ಬಂದು ತಡೆದಳು. "ಕೂಸು ಕರಗಿ ಹೊಂಟೈತೇನೋ ಡಾಕ್ಟರಾ!" ಎಂದು ಅತ್ತಳು. ಅವಳನ್ನು ಸಮಾಧಾನ ಮಾಡಲು ನಾನೇ ಒಂದು ಗುಳಿಗೆ ನುಂಗಿ, ಮರುದಿನ ಬಂದು ಸಾಕ್ಷಿ ಹೇಳಬೇಕಾಯಿತು. ಕ್ಷಯದ ಗುಳಿಗೆ ಎಂದು ಗೊತ್ತಾಗಿ ನೆರೆಮನೆಯವರು ತಮ್ಮ ಬಾವಿಯ ಹಗ್ಗವನ್ನು ಅವಳಿಗೆ ಮುಟ್ಟಗೊಡಲಿಲ್ಲ. ರಾಜೇಸಾಬ ನೀಲವ್ವನ ಮನೆಗೆ ಹೋಗಿ, ಎಲ್ಲರಿಗೂ ಕಾಣುವ ಹಾಗೆ ಕಟ್ಟೆಯ ಮೇಲೆ ಕೂತು, ಅವಳ ತಂಬಿಗೆಯಿಂದಲೇ ನೀರು ಕುಡಿದು ಬಂದ.

ಈ ನಡುವೆ ಸಂಶೋಧಕರಿಗೆ ಪೂರ್ತಿ ವಿಷಯ ಬರೆದೆ. ಅವರು ಬಂದು ಎರಡೂ ತಟ್ಟೆಗಳ ಟಿಪ್ಪಣಿ ಓದಿ, ಆ ಊರಿನ ಕರುಗಳನ್ನು ಪ್ರಯೋಗದಿಂದ ಕೈಬಿಟ್ಟರು. ನನ್ನನ್ನು ಬೈಯಲಿಲ್ಲ. ಒಂದೆರಡು ವರ್ಷದಲ್ಲಿ ಅವರ ಸೀಸೆಗಳು ಬರುವುದೂ ನಿಂತಿತು. ನಮ್ಮಿಂದಲೋ ಬೇರೆ ಕಾರಣದಿಂದಲೋ ತಿಳಿಯದು. ಆ ಖಾಲಿ ತಟ್ಟೆಯನ್ನು ಕಂಡವನು ನಾನು. ಕಿರಣದ ಲಸಿಕೆಯ ಮೇಲಿನ ನಂಬಿಕೆ ನನಗೆ ಹೋಗಲಿಲ್ಲ, ನನ್ನ ಕಣ್ಣಿನ ಮೇಲಿನ ನಂಬಿಕೆ ಹೋಯಿತು.

ನೀಲವ್ವನ ಹೆರಿಗೆ ಹುನಗುಂದದ ಆಸ್ಪತ್ರೆಯಲ್ಲಿ, ಮುಂಜಾನೆ ಬಿಸಿಲೇರುವ ಹೊತ್ತಿಗೆ ಆಯಿತು. ನಾನು ವರಾಂಡದ ಕಂಬ ಹಿಡಿದು ನಿಂತಿದ್ದೆ. ಒಳಗಿನಿಂದ ಸದ್ದು ಬಂದಾಗ ಅದು ನನ್ನ ಕಿವಿಯದ್ದೇ ಇರಬೇಕು ಎಂದುಕೊಂಡೆ. ಅತ್ತೆ ಹೊರಗೆ ಬಂದಳು. ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ನೋಡದೆಯೇ ಹೇಳಿದಳು: "ಹೆಣ್ಣ ಐತಿ. ಎಂಟೂರಿಗೆ ಕೇಳೂಹಂಗ ಅಳತೈತಿ. ಇನ್ನರ ಹೋಗಿ ಉಣ್ಣ ಹೋಗೋ."

ಮುಂದಿನ ವರ್ಷ ಅದೇ ಊರಿಗೆ ಹಳೆಯ ಜೀವಂತ ಲಸಿಕೆ ಹಿಡಿದುಕೊಂಡು ಹೋಗಬೇಕಾಯಿತು. ಬೇವಿನ ಗಿಡದ ಕೆಳಗೆ ರಾಜೇಸಾಬ, ನಾನು ಇಬ್ಬರೇ ಬಹಳ ಹೊತ್ತು ನಿಂತಿದ್ದೆವು. ಜನ ತಮ್ಮ ತಮ್ಮ ಬಾಗಿಲಲ್ಲೇ ನಿಂತು ನೋಡುತ್ತಿದ್ದರು, ಯಾರೂ ಕರು ತರಲಿಲ್ಲ. ಯಾರನ್ನೂ ಕರೆಯುವ ಧೈರ್ಯ ನಮಗೂ ಇರಲಿಲ್ಲ. ಕೊನೆಗೆ ನೀಲವ್ವ ಕೂಸನ್ನು ಅತ್ತೆಯ ಕೈಗೆ ಕೊಟ್ಟು, ನೆರೆಮನೆಯವರ ಕರುವನ್ನು ಎಳೆದುಕೊಂಡು ಬಂದಳು. ನಾನು ಸಿರಿಂಜು ಎತ್ತಿಕೊಂಡೆ.

"ತಡೀರಿ" ಎಂದಳು. "ಮೊದಲ ಬಾಟ್ಲಿ ಓದ್ರಿ. ಎಲ್ಲಾರಿಗೂ ಕೇಳೂಹಂಗ ಓದ್ರಿ."

ಸೀಸೆಯನ್ನು ಬೆಳಕಿಗೆ ಹಿಡಿದು ಅದರ ಮೇಲಿನ ಅಕ್ಷರಗಳನ್ನು ಒಂದೊಂದಾಗಿ, ಶಾಲೆಯ ಮಗುವಿನ ಹಾಗೆ ಗಟ್ಟಿಯಾಗಿ ಓದಿದೆ. ಇದು ಜೀವಂತ ಲಸಿಕೆ, ಕೈಗೆ ಚುಚ್ಚಿದರೆ ಜ್ವರ ಬರುತ್ತದೆ ಎಂದೂ ಹೇಳಿದೆ. ಅವಳು ಹಗ್ಗವನ್ನು ರಾಜೇಸಾಬನ ಕೈಗಿಟ್ಟಳು. ಒಂದೊಂದೇ ಹೆಜ್ಜೆ ಹಿಂದೆ ಸರಿದು, ಕೂಸನ್ನು ಎತ್ತಿಕೊಂಡು, ಗಿಡದ ನೆರಳು ಮುಗಿಯುವಲ್ಲಿ ಬಿಸಿಲಲ್ಲಿ ನಿಂತಳು.

"ಹಾಂ, ಈಗ ಹಾಕ್ರಿ" ಎಂದಳು.

ಓಣಿಯ ತುದಿಯಿಂದ ಉಳಿದ ಕರುಗಳು ಬರತೊಡಗಿದವು. ಸೇವೆ ಮುಗಿಯುವ ತನಕ ಹಗ್ಗ ಹಿಡಿದವರಿಗೆ ಕೇಳುವ ಹಾಗೆ ಸೀಸೆ ಓದದೆ ನಾನು ಸೂಜಿ ತುಂಬಲಿಲ್ಲ. ನನ್ನ ಜೊತೆಗೆ ಕೆಲಸ ಮಾಡಿದವರು ಕೆಲವರು ಅದಕ್ಕೆ ನಗುತ್ತಿದ್ದರು. ನೀವೂ ಓದಿರಿ. ಗಟ್ಟಿಯಾಗಿ ಓದಿರಿ. ನಗುವವರು ನಗಲಿ.